ತಳ ತೂತಾದ ಕಾರು

ನಮ್ಮ ಮನೆಯಲ್ಲಿ ಮೂಗಿದ್ದದ್ದು ಅಮ್ಮನಿಗೆ. ಅಪ್ಪನಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ, ತಿಳಿದರೂ ಒಪ್ಪಿಕೊಳ್ಳುತ್ತಿರಲಿಲ್ಲ. ಈ ವಿಷಯದಲ್ಲಿ ನಾನು ಪೂರ್ತಿ ಅಮ್ಮನ ಮಗಳು. ಕತಾರಿನ ದೋಹಾದ ಐನ್ ಖಾಲಿದ್‌ನಲ್ಲಿ ಒಂದು ದೊಡ್ಡ ವಿಲ್ಲಾವನ್ನು ಜಿಪ್ಸಮ್ ಗೋಡೆಗಳಿಂದ ತುಂಡು ತುಂಡು ಮಾಡಿ ಬೇರೆ ಬೇರೆ ಸಂಸಾರಗಳಿಗೆ ಬಾಡಿಗೆಗೆ ಕೊಟ್ಟಿದ್ದರು. ನಮ್ಮ ಪಾಲಿಗೆ ಬಂದದ್ದು ಒಂದು ಉದ್ದನೆಯ ಕೋಣೆ, ಅದರ ತುದಿಗೆ ಅಂಟಿಸಿದಂತಿದ್ದ ಅಡುಗೆಮನೆ, ಕಿಟಕಿಯೇ ಇಲ್ಲದ ಬಚ್ಚಲು. ಗೋಡೆ ಎಷ್ಟು ತೆಳುವೆಂದರೆ, ಪಕ್ಕದವರು ಮೀನು ಹುರಿದರೆ ನಮ್ಮ ದೇವರ ಗೂಡಿನ ಊದುಬತ್ತಿ ಸೋತುಹೋಗುತ್ತಿತ್ತು. ವಿಲ್ಲಾದ ಕಕ್ಕಸಿನ ಗುಂಡಿ ತುಂಬಿ ಟ್ಯಾಂಕರ್ ಬಂದು ಅದನ್ನು ಎಳೆಯುವ ದಿನ ಅಮ್ಮ ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ, ಕರ್ಪೂರ ಮೂಸುತ್ತಾ ಮಂಚದ ಮೇಲೆ ಕೂರುತ್ತಿದ್ದಳು. ಟ್ಯಾಂಕರ್ ಹೋದ ಮೇಲೆ ಇಡೀ ಅಂಗಳವನ್ನು ತಾನೇ ತೊಳೆಯುತ್ತಿದ್ದಳು. ಹೊಲಸನ್ನು ಕಂಡರೆ ಅವಳಿಗೆ ಅಸಹ್ಯ, ಆದರೆ ಹೆದರಿಕೆಯಿರಲಿಲ್ಲ. ಸೋಪಿನ ಪುಡಿ, ಬಿಸಿನೀರು, ತೆಂಗಿನ ನಾರು ಕೈಯಲ್ಲಿದ್ದರೆ ತೊಳೆಯಲಾಗದ್ದು ಯಾವುದೂ ಇಲ್ಲವೆಂದು ನಂಬಿದ್ದಳು. ಅವಳ ಆ ನಂಬಿಕೆಗೆ ಸಿಗದೆ ಉಳಿದದ್ದು ನಮ್ಮ ಕಾರು.

ಅದು ಜಪಾನಿನ ಒಂದು ಹಳೆಯ ಬಿಳಿ ಕಾರು. ಅಪ್ಪನ ಮೇಲಧಿಕಾರಿಯೊಬ್ಬರು ದೇಶ ಬಿಟ್ಟು ಹೋಗುವಾಗ ಅಪ್ಪನ ಕೈಗೆ ದಾಟಿಸಿ ಹೋಗಿದ್ದರು. ಏಸಿಯ ನೀರು ಹೊರಗೆ ಹೋಗಬೇಕಾದ ಸಣ್ಣ ಕೊಳವೆಯಲ್ಲಿ ಧೂಳು ಕಟ್ಟಿಕೊಂಡು, ಆ ನೀರೆಲ್ಲ ವರ್ಷಗಟ್ಟಲೆ ಒಳಗೇ ಇಳಿದು ಕಾರ್ಪೆಟ್ಟಿನ ಕೆಳಗೆ ನಿಂತಿತ್ತು. ಬಾಗಿಲು ತೆಗೆದರೆ ಮುಖಕ್ಕೆ ಹೊಡೆಯುತ್ತಿದ್ದ ಆ ವಾಸನೆಯನ್ನು ಈಗಲೂ ಬಿಡಿಸಿ ಹೇಳಬಲ್ಲೆ: ಒದ್ದೆ ಗೋಣಿ, ಹುಳಿತ ಹಾಲು, ಯಾರೋ ದಿನವಿಡೀ ಹಾಕಿಕೊಂಡು ಬಿಚ್ಚಿಟ್ಟ ಕಾಲುಚೀಲ. ಅಪ್ಪ ಕಾರ್ಪೆಟ್ಟಿನ ಕೆಳಗೆ ಪೇಪರು ಹಾಸಿದ. ಆಮೇಲೆ ಅಡುಗೆ ಸೋಡಾ ಚೆಲ್ಲಿದ. ಆಮೇಲೆ ನಜ್ಮಾ ಪೇಟೆಯ ಅಂಗಡಿಯಿಂದ ಅತ್ತರಿನ ಬಾಟಲಿ ತಂದು ಸೀಟುಗಳಿಗೆ ಚಿಮುಕಿಸಿದ. ಒಂದು ವಾಸನೆ ಹೋಗದೆ ಅದರ ಮೇಲೆ ಇನ್ನೊಂದು ಬಂದು ಕೂತು, ಬೆಳಿಗ್ಗೆ ಸ್ಕೂಲಿಗೆ ಹೋಗುವಷ್ಟರಲ್ಲಿ ನನ್ನ ಹೊಟ್ಟೆಯ ಇಡ್ಲಿ ಗಂಟಲಿಗೆ ಬಂದಿರುತ್ತಿತ್ತು.

"ಏನ್ರೀ, ಈ ಕಾರಲ್ಲಿ ಏನೋ ಸತ್ತಿದೆ."

"ಏನೂ ಸತ್ತಿಲ್ಲ ಕಣೇ. ಏಸಿ ನೀರು ಅಷ್ಟೆ. ಕಿಟಕಿ ತಗಿ, ಹೋಗತ್ತೆ."

ದೋಹಾದ ರಸ್ತೆಗಳನ್ನೆಲ್ಲ ಫುಟ್‌ಬಾಲ್ ವಿಶ್ವಕಪ್ಪಿಗಾಗಿ ಅಗೆದು ಹಾಕಿದ್ದ ಕಾಲ ಅದು. ನಿನ್ನೆ ಹೋದ ದಾರಿ ಇವತ್ತು ಇರುತ್ತಿರಲಿಲ್ಲ. ಒಂದು ಬೆಳಿಗ್ಗೆ ಹಾಗೆ ತಿರುಗಿಸಿಬಿಟ್ಟ ಕಚ್ಚಾ ದಾರಿಯಲ್ಲಿ ಕುಲುಕುತ್ತಾ ಹೋಗುವಾಗ, ಹಿಂದಿನ ಸೀಟಿನಲ್ಲಿದ್ದ ನನ್ನ ನೀರಿನ ಬಾಟಲಿ ಉರುಳಿತು. ಅದನ್ನು ಹಿಡಿಯಲು ಬಗ್ಗಿ ಬಲಗಾಲು ಊರಿದೆ. ಕಾಲು ಎಲ್ಲಿಯೂ ನಿಲ್ಲಲಿಲ್ಲ. ಕಾರ್ಪೆಟ್ಟು ಹರಿದು, ತಳ ಮುರಿದು, ಕಾಲು ಹಿಮ್ಮಡಿಯ ಮೇಲಿನವರೆಗೂ ಕೆಳಗೆ ಹೋಯಿತು. ಬೂಟು ನೆಲಕ್ಕೆ ತಾಗಿ ಉಜ್ಜಿಕೊಂಡು ಬರುತ್ತಿದ್ದುದು ನನಗೆ ಗೊತ್ತಾಗುತ್ತಿತ್ತು. ನಾನು ಕಿರುಚಿದ್ದು ಕೇಳಿ ಅಪ್ಪ ಬ್ರೇಕ್ ಒತ್ತಿದ. ಅಮ್ಮ ಮುಂದಿನಿಂದ ಇಳಿದು ಓಡಿಬಂದು, ಮುರಿದ ತಗಡಿನ ಅಂಚು ಚರ್ಮಕ್ಕೆ ತಾಗದ ಹಾಗೆ ತನ್ನ ದುಪ್ಪಟ್ಟಾ ಸಂದಿಗೆ ತುರುಕಿ ನನ್ನ ಕಾಲು ಬಿಡಿಸಿದಳು. ಗೀರು ಬಿದ್ದಿತ್ತು, ರಕ್ತ ಬಂದಿತ್ತು, ಅದಕ್ಕಿಂತ ದೊಡ್ಡ ಅನಾಹುತವೇನೂ ಆಗಿರಲಿಲ್ಲ. ಇಂಜೆಕ್ಷನ್ ಹಾಕಿಸಿ ಮನೆಗೆ ಬಂದ ಮೇಲೆ ಅಮ್ಮ ಕಾರ್ಪೆಟ್ಟನ್ನು ಪೂರ್ತಿ ಕಿತ್ತು ತೆಗೆದಳು. ಕೆಳಗೆ ತಳವೆಂಬುದು ಕಂದು ಬಣ್ಣದ ಪದರ ಪದರವಾಗಿ ಎದ್ದು ನಿಂತಿತ್ತು, ಬೆರಳಿಂದ ಮುಟ್ಟಿದರೆ ಪುಡಿ. ಅಪ್ಪ ಹಾಸಿದ್ದ ಪೇಪರುಗಳು ಕಪ್ಪು ಗಂಜಿಯಾಗಿದ್ದವು. ಅದರ ಮೇಲೆ ಬಿಳಿ ಬೂಷ್ಟು, ಬೂಷ್ಟಿನೊಳಗೆ ಜಿರಳೆಗಳು. ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಬಹಳ ಹೊತ್ತು ಅದನ್ನು ನೋಡಿದಳು.

"ಇದರ ಮೇಲೆ ಮಗಳನ್ನ ಕೂರಿಸ್ಕೊಂಡು ಓಡಾಡ್ತಿದ್ವಾ ನಾವು? ಮಾರಿಬಿಡಿ ಇದನ್ನ. ಇವತ್ತೇ."

"ಇಂಜಿನ್ನು ಸಿಂಹದ ಹಾಗಿದೆ ಕಣೇ. ತಳ ಒಂದು ಹಾಕಿಸಿದ್ರೆ ಆಯ್ತು. ಸ್ಟೇಡಿಯಂ ಕೆಲಸ ಮುಗಿದ ಮೇಲೆ ನಾವೇ ಇಲ್ಲಿರ್ತೀವೋ ಇಲ್ವೋ. ಈಗ ಹೊಸ ಗಾಡಿ ತಗೊಂಡು ಏನ್ ಮಾಡ್ಲಿ?"

ಅಪ್ಪ ಸ್ಟೇಡಿಯಂ ಕಟ್ಟುವ ಒಂದು ಗುತ್ತಿಗೆ ಕಂಪನಿಯ ಸ್ಟೋರ್ಸ್ ವಿಭಾಗದಲ್ಲಿದ್ದ. ಬೇರೆಯವರಿಗೆ ಬೇಕಾದ ಸಾಮಾನು ಹುಡುಕಿ ತರಿಸುವುದೇ ಅವನ ಕೆಲಸ. ಒಂದು ಕಾರಿನ ತಳ ತನಗೆ ಸಿಗದೆ ಹೋದೀತೇ ಎಂಬ ಗರ್ವ ಇತ್ತು. ಆದರೆ ಬಿಡಿಭಾಗಗಳ ಕೌಂಟರಿನಲ್ಲಿ, ಇಷ್ಟು ಹಳೆಯ ಗಾಡಿಗೆ ತಳದ ತಗಡು ಬರುವುದು ನಿಂತೇ ಹೋಗಿದೆ ಎಂದು "ಮಾಫಿ, ಖಲಾಸ್", ಇಲ್ಲ, ಮುಗಿಯಿತು, ಎಂಬ ಎರಡೇ ಪದದಲ್ಲಿ ಕಳಿಸಿಬಿಟ್ಟರು. ಹೊರದೇಶದಿಂದ ತರಿಸಿದ ಒಂದು ಬಂತು. ಅದು ಬಲಗಡೆ ಸ್ಟೀರಿಂಗ್ ಇರುವ ಗಾಡಿಯದು, ಪೆಡಲುಗಳ ಕೆಳಗಿನ ಉಬ್ಬುತಗ್ಗು ನಮ್ಮದಕ್ಕೆ ಕೂರಲಿಲ್ಲ. ಆಮೇಲೆ ಶುಕ್ರವಾರಗಳೆಲ್ಲ ಸನಯ್ಯದಲ್ಲಿ ಕಳೆದವು. ಸನಯ್ಯ ಎಂದರೆ ಗ್ಯಾರೇಜು, ಗುಜರಿಗಳ ಪೇಟೆ. ಎಣ್ಣೆ ಕುಡಿದ ಕಪ್ಪು ಮಣ್ಣಿನಲ್ಲಿ, ಬೆಕ್ಕುಗಳು ಮರಿ ಹಾಕಿದ ಹಳೆಯ ಕಾರುಗಳ ಸಾಲುಗಳ ನಡುವೆ ಅಪ್ಪನ ಹಿಂದೆ ನಾನೂ ಅಮ್ಮನೂ ಸೆರಗು, ಕರವಸ್ತ್ರ ಮೂಗಿಗೆ ಒತ್ತಿಕೊಂಡು ನಡೆಯುತ್ತಿದ್ದೆವು. ಅಲ್ಲಿ ಸದಾನಂದ ಎಂಬ ಮಂಗಳೂರು ಕಡೆಯವನ ಗ್ಯಾರೇಜಿತ್ತು. ನಮ್ಮ ಕಾರಿನಂಥದ್ದೇ ಇನ್ನೊಂದು ಸಿಕ್ಕರೆ ಅದರ ತಳ ಕತ್ತರಿಸಿ ನಮ್ಮದಕ್ಕೆ ಬೆಸುಗೆ ಹಾಕಿಕೊಡುತ್ತೇನೆ ಎಂದಿದ್ದ. ಸಿಕ್ಕ ಕಾರುಗಳ ಕಾರ್ಪೆಟ್ಟು ಎತ್ತಿದರೆ ಎಲ್ಲದರಲ್ಲೂ ಅದೇ ಕಂದು ಪುಡಿ, ಅದೇ ನಾತ.

"ಎಂತ ಮಾಡುದು ಸಾರ್, ಈ ಗಾಡಿಗೆ ಇದೇ ಸೀಕು. ಎಲ್ಲದ್ದೂ ತಳವೇ ಕೊಳೆತದ್ದು ಮಾರಾಯ್ರೆ. ನೀವು ಬೇರೆ ಗಾಡಿ ನೋಡುದು ಒಳ್ಳೇದು," ಎಂದು ಅವನು ನಕ್ಕ. ಅಪ್ಪ ನಗಲಿಲ್ಲ.

ಒಂದು ದಿನ ಅಪ್ಪ ಕುಣಿಯುತ್ತಾ ಮನೆಗೆ ಬಂದ. ತಳ ಸಿಕ್ಕಿತಂತೆ, ಒರಿಜಿನಲ್ಲಂತೆ, ಬೇರೆ ಯಾರೋ ಗ್ಯಾರೇಜಿನವನು ಕೂರಿಸಿಯೂ ಕೊಟ್ಟನಂತೆ. ಹಿಂದಿನ ಬಾಗಿಲು ತೆಗೆದು ತೋರಿಸಿದ. ಹೊಸ ಬೂದು ಕಾರ್ಪೆಟ್ಟು, ಡಾಂಬರಿನ ಘಾಟು. ಅಮ್ಮ ಕಾರ್ಪೆಟ್ಟಿನ ಮೇಲೆ ಕೈಯೂರಿ ಒತ್ತಿ ನೋಡಿದಳು. ಗಟ್ಟಿಯಾಗಿತ್ತು. ಅವತ್ತು ಹೆಸರುಬೇಳೆ ಪಾಯಸ ಮಾಡಿದಳು. ಅಪ್ಪ ಎರಡನೇ ಸಲ ಬಡಿಸಿಕೊಂಡು, ಬಟ್ಟಲನ್ನು ಬೆರಳಿಂದ ಬಳಿದು ನೆಕ್ಕಿದ. ಮಾರನೆಯ ದಿನದಿಂದ ನಾನು ಮತ್ತೆ ಹಿಂದಿನ ಸೀಟಿನಲ್ಲಿ ಕೂತೆ. ಕಾರು ಓಡುವಾಗ ಕಾಲ ಕೆಳಗೆ ಏನೋ ಪಟಪಟನೆ ಅದುರುತ್ತಿತ್ತು. ಹೊಸದು ಹಾಗೇ, ಹೊಂದಿಕೊಳ್ಳುತ್ತದೆ ಎಂದ ಅಪ್ಪ.

ಕಾರಿನ ನೋಂದಣಿ ನವೀಕರಿಸಬೇಕಾದರೆ ತಪಾಸಣೆ ಪಾಸಾಗಬೇಕು. ನಾವು ಮೂವರೂ ಹೋದೆವು, ಅಲ್ಲಿಂದ ಹಾಗೇ ಹಬ್ಬದ ಸಾಮಾನಿಗೆ ಹೋಗುವುದೆಂದು. ನಾನೂ ಅಮ್ಮನೂ ಗೆರೆಯ ಈಚೆ ನಿಂತಿದ್ದೆವು. ಕಾರನ್ನು ಮೇಲೆತ್ತಿದರು. ಕೆಳಗೆ ಹೋದ ತಪಾಸಣೆಯವನು ದೀಪ ಹಿಡಿದು ನೋಡಿದವನೇ ಪಕ್ಕದ ಸಾಲಿನವನನ್ನು ಕೂಗಿ ಕರೆದ. ಅವನು ಮತ್ತೊಬ್ಬನನ್ನು ಕರೆದ. ಮೂವರೂ ಮುಖ ಮೇಲೆತ್ತಿ ನಗತೊಡಗಿದರು.

"ಭಾಯ್‌ಸಾಬ್, ಯೇ ಕ್ಯಾ ಲಗಾಯಾ ಹೈ? ಗಾಡಿ ಕೇ ನೀಚೇ ಫುಟ್‌ಬಾಲ್ ಖೇಲ್ ರಹೇ ಹೋ ಕ್ಯಾ?"

ಗಾಡಿಯ ಕೆಳಗೆ ಫುಟ್‌ಬಾಲ್ ಆಡುತ್ತಿದ್ದೀರಾ ಎಂದರೆ ಏನೆಂದು ನೋಡಲು ಅಮ್ಮ ಗೆರೆ ದಾಟಿ ಹೋದಳು, ನಾನೂ ಹಿಂದೆಯೇ ಹೋದೆ. ಸೈಟುಗಳ ಸುತ್ತ ಬೇಲಿಯಂತೆ ನಿಲ್ಲಿಸುತ್ತಿದ್ದರಲ್ಲ, ಚಿತ್ರ ಅಂಟಿಸಿದ ತೆಳು ತಗಡು, ಅದರದೇ ಒಂದು ತುಂಡನ್ನು ಕತ್ತರಿಸಿ ಕೊಳೆತ ತಳದ ತೂತಿಗೆ ಅಡ್ಡಲಾಗಿ ಮೊಳೆ ಹೊಡೆದು ಕೂರಿಸಿದ್ದರು. ಚಿತ್ರದ ಬದಿ ಕೆಳಗಿತ್ತು. ಅರ್ಧ ಚೆಂಡು, ಅದನ್ನು ಒದೆಯುತ್ತಿದ್ದ ಹುಡುಗನ ಒಂದು ಕಾಲು, ಸುತ್ತ ಬಳಿದ ಡಾಂಬರು. ತಪಾಸಣೆಯವನು ಕೈಯಲ್ಲಿದ್ದ ಸರಳಿನಿಂದ ಅಂಚನ್ನು ತಿವಿದ. ಹಳೆಯ ತುಕ್ಕು ಹಿಡಿಹಿಡಿಯಾಗಿ ಉದುರಿತು. ಅಪ್ಪ ಎಲ್ಲೋ ನೋಡುತ್ತಾ ನಿಂತಿದ್ದ. ಅಮ್ಮ ನನ್ನ ಕೈ ಹಿಡಿದು ರಸ್ತೆಗೆ ಬಂದು ಟ್ಯಾಕ್ಸಿ ನಿಲ್ಲಿಸಿದಳು.

ಮಾತು ಬಂದದ್ದು ಊಟಕ್ಕೆ ಕೂತಾಗ. ಅಪ್ಪ ತಲೆ ತಗ್ಗಿಸಿ ಅನ್ನಕ್ಕೆ ಸಾರು ಕಲಸುತ್ತಿದ್ದ. ಅವನ ಉಗುರಿನ ಸಂದಿಯಲ್ಲಿ ಇನ್ನೂ ಕಪ್ಪು ಇತ್ತು. ಗ್ಯಾರೇಜಿನವನು ಹೊಡೆದ ತಗಡಿನ ಅಂಚಿಗೆ ಡಾಂಬರು ಬಳಿದವನು ಅಪ್ಪನೇ ಎಂದು ಆಗ ಹೊಳೆಯಿತು.

"ಪಾಯಸ ಮಾಡಿ ಬಡಿಸಿದ್ನಲ್ರೀ ನಿಮಗೆ. ಗಂಟಲಲ್ಲಿ ಹೇಗ್ರೀ ಇಳೀತು ಅದು?"

"ತಪಾಸಣೆವರೆಗೆ ನಡೀಲಿ, ಅಷ್ಟರಲ್ಲಿ ಸರಿಯಾದ್ದು ಹುಡುಕೋಣ ಅಂತಿದ್ದೆ ಕಣೇ. ಕೆಳಗಡೆ ಯಾರು ನೋಡ್ತಾರೆ..."

"ಹೊಲಸಿದ್ರೆ ತೊಳೀಬಹುದು. ನೀವು ಮುಚ್ಚಿಟ್ಟಿದ್ದನ್ನ ನಾನು ಏನ್ ಹಾಕಿ ತೊಳೀಲಿ ಹೇಳಿ?"

ಅಪ್ಪ ಊಟ ಮುಂದುವರಿಸಿದ. ಅದೇ ನನಗೆ ಸಹಿಸಲಾಗಲಿಲ್ಲ. ಅವನು ಸಾರು ಸುರಿಯುವ ಸದ್ದು, ಮೆಲ್ಲುವಾಗ ಆಡುವ ದವಡೆ, ತುಟಿಯ ಮೂಲೆಯಲ್ಲಿ ಅಂಟಿದ ಅಗುಳು. ನಾನು ತಟ್ಟೆ ಎತ್ತಿಕೊಂಡು ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಉಂಡೆ. ಮರುದಿನವೂ ಹಾಗೇ ಮಾಡಿದೆ. ಆಮೇಲೆ ಅದೇ ರೂಢಿಯಾಯಿತು. ಅಮ್ಮ ಅಪ್ಪನಿಗೆ ಬಡಿಸುತ್ತಿದ್ದಳು, ಬಡಿಸಿ ಬೆನ್ನು ತಿರುಗಿಸುತ್ತಿದ್ದಳು. ಆಯುಧಪೂಜೆಯ ದಿನ ಹೊಲಿಗೆ ಮೆಷಿನ್ನಿಗೆ, ಮಿಕ್ಸಿಗೆ, ನನ್ನ ಜಾಮಿಟ್ರಿ ಡಬ್ಬಿಗೆ ಅರಿಶಿನ ಕುಂಕುಮ ಇಟ್ಟಳು. ಅಪ್ಪ ನಿಂಬೆಹಣ್ಣು ಹಿಡಿದುಕೊಂಡು ಬಾಗಿಲಲ್ಲಿ ಕಾದ.

"ಕಾರಿಗೆ?"

"ಆ ಹೆಣಕ್ಕೆ ನಾನು ಕುಂಕುಮ ಇಡಲ್ಲ."

ಅಪ್ಪ ಒಬ್ಬನೇ ಹೋಗಿ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟ. ಕಾರು ಕದಲಲಿಲ್ಲವಾದ್ದರಿಂದ ಹಣ್ಣು ಅಲ್ಲಿಯೇ ಒಣಗಿತು. ಅಪ್ಪ ಕಂಪನಿಯ ಬಸ್ಸಿನಲ್ಲಿ ಹೋಗತೊಡಗಿದ. ಅಮ್ಮ ಒಂದು ನರ್ಸರಿ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದಳು. ಅವಳು ಅಲ್ಲಿನ ಮಕ್ಕಳ ಬಸ್ಸು ಹತ್ತಿದಳು. ಬಸ್ಸಿನ ಚಾಲಕ ಉಸ್ಮಾನ್ ಸೂಡಾನಿನವನು, ವಯಸ್ಸಾದವನು, ಎಲ್ಲರ ಸುದ್ದಿಯೂ ಬೇಕು ಅವನಿಗೆ. ಹಿಂದಿ, ಅರಬ್ಬಿ, ಕೈಸನ್ನೆ ಮೂರನ್ನೂ ಸೇರಿಸಿ ಅಮ್ಮ ಕಾರಿನ ಕಥೆ ಹೇಳಿದಳಂತೆ. ಅಂಥದೇ ಬಿಳಿ ಗಾಡಿಯೊಂದು ಉಮ್ಮ್ ಸಲಾಲ್‌ನಲ್ಲಿ, ತನ್ನ ತಮ್ಮ ಕೆಲಸಕ್ಕಿರುವ ತೋಟದಲ್ಲಿದೆ ಎಂದ ಅವನು. ಓಡುವುದಿಲ್ಲ. ಒಳಗೆ ಹಮಾಮ್ ಇದೆ ಎಂದ. ಅಲ್ಲಿ ಎಲ್ಲರ ಬಾಯಲ್ಲೂ ಹಮಾಮ್ ಎಂದರೆ ಬಚ್ಚಲು, ಕಕ್ಕಸು. ಅಮ್ಮ ಮನೆಗೆ ಬಂದು ಕಾಲು ತೊಳೆಯುವ ಮೊದಲೇ ನನಗೆ ಹೇಳಿದಳು.

"ಕಾರೊಳಗೆ ಕಕ್ಕಸು ಮಾಡ್ಕೊಂಡಿದಾರಂತೆ ಕಣೇ! ಎಂಥ ಜನ!"

ಆದರೂ ಶುಕ್ರವಾರ ಹೊರಟಳು. ಅಪ್ಪ ತಾನೊಬ್ಬನೇ ಹೋಗಿ ನೋಡಿ ಬರುತ್ತೇನೆ ಎಂದಾಗ, "ನೀವು ನೋಡಿದ್ದು ಸಾಕು," ಎಂದಳು. ಉಸ್ಮಾನನೇ ಕರೆದುಕೊಂಡು ಹೋದ. ಆಡಿನ ದೊಡ್ಡಿ ದಾಟಿ ಹಿಂದೆ ಹೋದರೆ, ಬೇವಿನ ಮರದ ಕೆಳಗೆ ನಿಂತಿತ್ತು ಆ ಕಾರು. ಕಿಟಕಿಗಳಿಗೆ ಗಾಜಿರಲಿಲ್ಲ, ತಂತಿಬಲೆ ಹೊಡೆದಿದ್ದರು. ಒಳಗಿನಿಂದ ಗುಟುರು ಗುಟುರು ಸದ್ದು. ಅರಬ್ಬಿಯಲ್ಲಿ ಪಾರಿವಾಳವನ್ನೂ ಹಮಾಮ್ ಎನ್ನುತ್ತಾರೆಂದು ಅವತ್ತು ತಿಳಿಯಿತು. ಆದರೆ ಅಮ್ಮ ಊಹಿಸಿದ್ದೇನೂ ಪೂರ್ತಿ ತಪ್ಪಾಗಿರಲಿಲ್ಲ. ಸೀಟುಗಳ ಮೇಲೆ, ಸ್ಟೀರಿಂಗಿನ ಮೇಲೆ, ಗೇರಿನ ಮೇಲೆ ಹಿಕ್ಕೆ ಗಟ್ಟಿಯಾಗಿ ಮೇಣದಂತೆ ಇಳಿದಿತ್ತು. ನೆಲದಲ್ಲಿ ಅದು ಗೇಣೆತ್ತರ ಇತ್ತು, ಅದರಲ್ಲಿ ಗರಿ, ಒಡೆದ ಚಿಪ್ಪು, ಕೊಳೆತ ಕಾಳು. ಬಾಗಿಲು ತೆಗೆದಾಗ ಎದ್ದ ಬಿಸಿ ನಾತಕ್ಕೆ ಕಣ್ಣಲ್ಲಿ ನೀರು ಬಂತು. ಯಾವ ವಾಸನೆಯೂ ತಿಳಿಯದ ನನ್ನ ಅಪ್ಪ ಓಡಿಹೋಗಿ ಮರದ ಬುಡದಲ್ಲಿ ವಾಂತಿ ಮಾಡಿಕೊಂಡ.

ಅಮ್ಮ ದುಪ್ಪಟ್ಟಾವನ್ನು ಮೂಗಿನ ಮೇಲೆ ಎರಡು ಸುತ್ತು ಬಿಗಿದು ಕಟ್ಟಿದಳು. ಉಸ್ಮಾನನಿಂದ ಸಲಿಕೆ ಇಸಿದುಕೊಂಡು ಹಿಂದಿನ ಬಾಗಿಲಲ್ಲಿ ಬಗ್ಗಿ ಒಂದು ಮೂಲೆ ಕೆರೆದಳು. ಹಿಕ್ಕೆಯ ಕೆಳಗೆ ಮಣ್ಣು, ಅದರ ಕೆಳಗೆ ಯಾರೋ ಹಿಂದೆ ಹಾಕಿಸಿದ್ದ ದಪ್ಪ ರೆಕ್ಸಿನ್. ಅದನ್ನು ಚಾಕುವಿನಿಂದ ಸೀಳಿ ಎತ್ತಿದರೆ ಕೆಳಗೆ ಬಿಳಿ ಬಣ್ಣ ಇದ್ದ ಹಾಗೇ ಇತ್ತು. ಮರಳುನಾಡಿನ ಒಣ ಗಾಳಿಗೋ, ಏಸಿ ಹಾಕುವವರಿಲ್ಲದೆ ನಿಂತಿದ್ದಕ್ಕೋ, ತುಕ್ಕಿನ ಒಂದು ಚುಕ್ಕೆಯೂ ಇರಲಿಲ್ಲ. ಅಮ್ಮ ಸಂತೆಯಲ್ಲಿ ತೆಂಗಿನಕಾಯಿ ನೋಡುವ ಹಾಗೆ ಬೆರಳ ಗೆಣ್ಣಿನಿಂದ ತಟ್ಟಿದಳು. ಆಮೇಲೆ ಮಣ್ಣಿನ ಮೇಲೆ ಕೂತು, ತಲೆ ನೆಲಕ್ಕೆ ತಾಗಿಸಿ ಕೆಳಗಿನಿಂದಲೂ ನೋಡಿದಳು. ಅಪ್ಪ ಬಾಯಿ ಒರೆಸಿಕೊಳ್ಳುತ್ತಾ ದೂರ ನಿಂತಿದ್ದ.

ತೋಟದ ಯಜಮಾನ ಬಿಳಿ ನಿಲುವಂಗಿಯ ಮುದುಕ. ಗಾಡಿ ಯಾರಿಗೆ ಬೇಕು, ತಗೊಂಡು ಹೋಗಿ, ಯಲ್ಲಾ, ನಡೀರಿ, ಎಂದು ಕೈ ಬೀಸಿದ. ಹಕ್ಕಿಗಳನ್ನು ಖಾಲಿ ಮಾಡಲು ಉಸ್ಮಾನನ ತಮ್ಮ ಒಳಗೆ ಕೈ ಹಾಕಿ ಒಂದು ಗೂಡನ್ನು ಬಾಚಿ ಎಳೆದ. ಮೊಟ್ಟೆ ಒಡೆದು ಲೋಳೆ ಅವನ ಬೆರಳಿಂದ ಸುರಿಯಿತು. ಪಕ್ಕದ ಗೂಡಿನಲ್ಲಿ ಗರಿ ಬಾರದ ಎರಡು ಮರಿಗಳು ಕತ್ತು ಎತ್ತಿ ಬಾಯಿ ತೆರೆದವು. ಅವನ ಕೈ ಅದರತ್ತ ಹೋಯಿತು.

"ಲಾ! ಲಾ!" ಅಮ್ಮ ಕೂಗಿಕೊಂಡಳು. ಅಪ್ಪನ ಕಡೆ ತಿರುಗಿದಳು. "ಬೇಡ ಅನ್ನಿ ಅವನಿಗೆ!"

"ಯಜಮಾನರೇ ತಗೊಳ್ಳಿ ಅಂದಿದಾರೆ ಕಣೇ. ಇವತ್ತು ಬಿಟ್ರೆ ನಾಳೆ ಮನಸ್ಸು ಬದಲಾಯಿಸಿದ್ರೆ? ನೋಂದಣಿ ಅವಧಿ ಮುಗೀತಾ ಬಂತು."

"ಮುಗೀಲಿ. ಆ ಮರಿಗಳನ್ನ ಹೊಸಕಿ ತಂದ ತಗಡಿನ ಮೇಲೆ ನನ್ನ ಮಗಳು ಕಾಲಿಡಲ್ಲ."

ಮುದುಕನಿಗೆ ಏನು ಅರ್ಥವಾಯಿತೋ, ನಕ್ಕು, ಮರಿಗಳನ್ನು ತೋರಿಸಿ, ರೆಕ್ಕೆಯಂತೆ ಎರಡೂ ಕೈ ಆಡಿಸಿದ. ಹಾರಿದ ಮೇಲೆ ಬನ್ನಿ ಎಂದು. ನಾವು ಕೈ ಬೀಸಿಕೊಂಡು ವಾಪಸು ಬಂದೆವು. ನೋಂದಣಿ ಅವಧಿ ಮುಗಿದೇ ಹೋಯಿತು. ಅಪ್ಪ ದಂಡ ಕಟ್ಟಬೇಕಾಗುತ್ತದೆಂದು ಗೊಣಗಿದ, ಅಮ್ಮ ಕೇಳಿಸಿಕೊಳ್ಳಲಿಲ್ಲ. ದಿನಾ ಬಸ್ಸು ಹತ್ತುವಾಗ ಉಸ್ಮಾನನನ್ನು ಮರಿಗಳ ಸುದ್ದಿ ಕೇಳುತ್ತಿದ್ದಳು. ಚಳಿ ಶುರುವಾದ ಮೇಲೆ ಒಂದು ದಿನ ಅವನೇ ಎರಡೂ ಕೈ ಆಡಿಸಿ ತೋರಿಸಿದನಂತೆ.

ಸದಾನಂದ ತನ್ನ ಜನರೊಂದಿಗೆ ಬಂದು ತಳವನ್ನು ಕತ್ತರಿಸಿಕೊಟ್ಟ. ಬೆಸುಗೆ ಹಾಕುವ ಮೊದಲು ತಾನದನ್ನು ತೊಳೆಯಬೇಕೆಂದು ಅಮ್ಮ ಹಟ ಹಿಡಿದದ್ದರಿಂದ ಆ ತಗಡುಗಳು ನಮ್ಮ ಅಂಗಳಕ್ಕೆ ಬಂದವು.

"ಅಕ್ಕ, ನಾವು ಹೇಗೂ ಉಜ್ಜಿ ಪೈಂಟ್ ಮಾಡ್ತೇವೆ. ನಿಮಗೆ ಯಾಕೆ ಈ ಗಲೀಜು?"

"ಮೇಲೆ ಕೆಳಗೆ ಎರಡೂ ಕಡೆ ನನ್ನ ಕಣ್ಣಲ್ಲಿ ನೋಡ್ಬೇಕು ಸದಾನಂದಣ್ಣ. ಆಮೇಲೆ ನೀವೇನು ಬೇಕಾದ್ರೂ ಮಾಡಿ."

ಬಿಸಿನೀರು ಬಿದ್ದದ್ದೇ ತಡ, ಒಣಗಿದ್ದ ಹಿಕ್ಕೆ ಕರಗಿ, ಇಡೀ ವಿಲ್ಲಾಕ್ಕೆ ಆ ನಾತ ಹಬ್ಬಿತು. ಮಹಡಿಯವರು ಕಿಟಕಿ ಮುಚ್ಚಿಕೊಂಡು ಬೈದರು. ನಾನು ಮೂಲೆಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆಯಬೇಕಿತ್ತು. ಬೂದು ಬಣ್ಣದ ಲೋಳೆ ಮುಂಗೈವರೆಗೂ ಹರಿಯಿತು. ಎರಡು ಸಲ ಎದ್ದು ಹೋಗಿ ಓಕರಿಸಿ ಬಂದೆ. ಮೂರನೇ ಸಲ ಎದ್ದಾಗ ಅಪ್ಪ ಪ್ಯಾಂಟು ಮಡಚಿಕೊಂಡು ಬಂದು ನನ್ನ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು, ಬ್ರಷ್ಷು ಕೈಗೆತ್ತಿಕೊಂಡ. ಅವನ ಮುಖ ಬಿಳಿಚಿಕೊಂಡಿತ್ತು, ಆಗಾಗ ತೋಳಿಗೆ ಮೂಗು ಒತ್ತಿಕೊಳ್ಳುತ್ತಿದ್ದ. ಅಮ್ಮ ನೀರು ಸುರಿಯುತ್ತಾ ಹೋದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ನನಗೆ ಅವತ್ತು ಅಪ್ಪನ ಮೇಲೆ ಪ್ರೀತಿಯೇನೂ ಉಕ್ಕಲಿಲ್ಲ, ಹಾಗೆ ಬರೆದರೆ ಸುಳ್ಳಾಗುತ್ತದೆ. ಅವನ ಕೈ ಕಂಡರೆ ಇನ್ನೂ ಹೇಸಿಗೆಯೇ ಆಗುತ್ತಿತ್ತು. ಅಡುಗೆಮನೆಯ ನೆಲದ ಮೇಲೆ ಕೂತು ಉಣ್ಣುವುದನ್ನು ಬಿಡಲು ನನಗೆ ಇನ್ನೂ ಬಹಳ ದಿನ ಹಿಡಿಯಿತು.

ಸದಾನಂದ ಬೆಸುಗೆ ಹಾಕಿಕೊಟ್ಟ ಮೇಲೆ ಕಾರು ತಪಾಸಣೆಯಲ್ಲಿ ಪಾಸಾಯಿತು. ಅಪ್ಪ ಗ್ಯಾರೇಜಿಗೆ ಹೊಸ ಕಾರ್ಪೆಟ್ಟು ತಂದಿದ್ದ. ಅಮ್ಮ ಅದನ್ನು ಹಾಕಿಸಗೊಡಲಿಲ್ಲ.

"ಬೇಡ. ತಳ ಕಾಣ್ತಾ ಇರಲಿ."

ಹಾಗಾಗಿ ನಾವು ಕತಾರಿನಲ್ಲಿ ಇದ್ದಷ್ಟು ಕಾಲ ಬೂದು ಬಣ್ಣ ಬಳಿದ ಬರಿಯ ತಗಡಿನ ಮೇಲೆ ಕಾಲಿಟ್ಟುಕೊಂಡು ಓಡಾಡಿದೆವು. ಬೇಸಿಗೆಯಲ್ಲಿ ಅದು ಚಪ್ಪಲಿಯನ್ನೂ ಸುಡುತ್ತಿತ್ತು. ಟೈರಿನ ಸದ್ದಿಗೆ ಒಳಗೆ ಮಾತೇ ಕೇಳುತ್ತಿರಲಿಲ್ಲ. ಏಸಿ ಹಾಕಿದಾಗ ಎಲ್ಲಿಂದಲೋ ಪಾರಿವಾಳದ ವಾಸನೆ ಬರುತ್ತಿತ್ತು. ಗೆಳತಿಯರನ್ನು ಹತ್ತಿಸಿಕೊಳ್ಳಬೇಕಾದಾಗ ನಾನು ನಾಚಿಕೆಯಿಂದ ಸತ್ತುಹೋಗುತ್ತಿದ್ದೆ. ಅಮ್ಮ ಶುಕ್ರವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಅದನ್ನು ಒರೆಸಿ, ಬಗ್ಗಿ ಮೂಲೆ ಮೂಲೆ ನೋಡುತ್ತಿದ್ದಳು.

ಪಂದ್ಯಗಳು ಕೊನೆಗೂ ಶುರುವಾದ ತಿಂಗಳಲ್ಲಿ, ಅಪ್ಪನ ಆಫೀಸಿನ ಮೂರ್ತಿ ಅಂಕಲ್‌ರನ್ನು ಸ್ಟೇಡಿಯಂವರೆಗೆ ಬಿಡಲು ಹೊರಟಿದ್ದೆವು. ಬಾವುಟ ಕಟ್ಟಿದ ಕಾರುಗಳು ರಸ್ತೆ ತುಂಬಾ ನಿಂತಿದ್ದವು, ಸಿಗ್ನಲ್ ಕೆಂಪಿತ್ತು. ಅಂಕಲ್ ಮುಂದೆ ಕೂತಿದ್ದರು, ನಾನೂ ಅಮ್ಮನೂ ಹಿಂದೆ. ಅವರು ಕಾಲ ಕೆಳಗೆ ನೋಡಿ, ಬೂಟಿನಿಂದ ಟಣ್ ಎಂದು ಬಡಿದರು.

"ಏನ್ರೀ ಇದು, ಕಾರ್ಪೆಟ್ಟೇ ಇಲ್ಲ? ಹೊಸ ಫ್ಯಾಶನ್ನಾ?"

"ಹೂಂ, ಇದು..." ಎಂದು ಅಪ್ಪ ನಗುತ್ತಾ ಶುರುಮಾಡಿದ. ಅಲ್ಲಿಗೇ ನಿಂತ. ಸ್ಟೀರಿಂಗ್ ಮೇಲಿನ ಕೈಗಳನ್ನು ಒಮ್ಮೆ ನೋಡಿಕೊಂಡ. "ಇಲ್ಲ ಮೂರ್ತಿಯವರೇ. ತಳ ಕೊಳೆತುಹೋಗಿತ್ತು, ಗೊತ್ತಿದ್ದೂ ಸುಮ್ಮನಿದ್ದೆ. ಮಗಳ ಕಾಲು ತೂತಿನಿಂದ ರಸ್ತೆಗೆ ಹೋಯ್ತು. ಆಮೇಲೂ ತಗಡು ಹೊಡೆಸಿ, ಒರಿಜಿನಲ್ ಅಂತ ಇವಳಿಗೆ ಸುಳ್ಳು ಹೇಳ್ದೆ. ಇದನ್ನ ಹುಡುಕಿದ್ದು ಇವಳೇ. ಅದಕ್ಕೇ ಕಾರ್ಪೆಟ್ ಹಾಕಿಲ್ಲ."

ಅಂಕಲ್ ಕಿಟಕಿಯಾಚೆ ತಿರುಗಿದರು. ನಾನು ಅಮ್ಮನ ಮುಖ ನೋಡಿದೆ. ಅವಳು ಮುಂದೆ, ಅಪ್ಪನ ಕತ್ತಿನ ಹಿಂಭಾಗವನ್ನು ನೋಡುತ್ತಿದ್ದಳು. ಹಿಂದಿನ ಕಾರುಗಳೆಲ್ಲ ಹಾರ್ನ್ ಹೊಡೆಯತೊಡಗಿದವು.

"ಸಿಗ್ನಲ್ ಬಿಟ್ಟಿದೆ," ಎಂದಳು ಅಮ್ಮ. "ಹೊರಡಿ."